ಒಂದೇ ಎಳೆತದ ಕೊಯ್ತ

ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಸಂಬಳದ ಚೀಟಿಯಲ್ಲಿ ಏನೋ ಒಂದು ಹೆಸರು ಇದ್ದೇ ಇದೆ. ಆದರೆ ಮೇಡಂನಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವನು ರೇಡಿಯೊ. ಬೆಳಗ್ಗೆ ಎಂಟಕ್ಕೆ, ದೇಹ ಕೊಯ್ದು ಕಲಿಸುವ ಡಿಸೆಕ್ಷನ್ ಹಾಲಿನ ಬಾಗಿಲು ತೆರೆಯುವಾಗ ಶುರುವಾದ ಮಾತು ಸಂಜೆ ಐದಕ್ಕೆ ಬೀಗ ಹಾಕುವಾಗಲೇ ನಿಲ್ಲುವುದು. ಹುಡುಗರು ಸಿಕ್ಕಿದರೆ ಹುಡುಗರ ಜೊತೆ, ಯಾರೂ ಸಿಗದಿದ್ದರೆ ಗಾಜಿನ ಜಾಡಿಗಳ ಜೊತೆ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ ಅವನ ಅಕ್ಕನ ಬಳಿ ಉತ್ತರ ಸಿದ್ಧವಿತ್ತು: "ಇವನನ್ನ ಒಪ್ಪಿದೀನಿ ಅಂತ ಹೇಳೋಕೆ ಯಾವ ಹುಡುಗಿಗೂ ಸಂದು ಸಿಗಲಿಲ್ಲ."

ಅವನು ಅಲ್ಲಿ ಅಟೆಂಡರ್. ಸತ್ತ ಮೇಲೆ ನನ್ನ ಮೈ ಹುಡುಗರ ಓದಿಗೆ ಆಗಲಿ ಎಂದು ಬರೆದುಕೊಟ್ಟವರ ದೇಹಗಳನ್ನು ಬರಮಾಡಿಕೊಳ್ಳುವುದು, ಕೆಡದ ಹಾಗೆ ಕಾಯುವುದು, ಪಾಠಕ್ಕೆ ಬೇಕಾದ ಭಾಗಗಳನ್ನು ಕೊಯ್ದು ಜಾಡಿಗೆ ಇಳಿಸುವುದು, ಇದು ಮೂವತ್ತೊಂದು ವರ್ಷದ ಅವನ ಕೆಲಸ. ಆ ದೇಹಗಳನ್ನು ಅವನು ಯಾವತ್ತೂ "ಅವರು" ಎಂದೇ ಕರೆದವನು. "ಅವರಿಗೆ ಬೆಳಕು ಬೀಳ್ತಿದೆ, ಪರದೆ ಎಳೀರಿ" ಎಂದರೆ ಹೊಸ ಹುಡುಗರು ಯಾರಿಗೆ ಎಂದು ಹಿಂದೆ ತಿರುಗಿ ನೋಡುತ್ತಿದ್ದರು.

ಇಷ್ಟೆಲ್ಲ ಕೆಲಸ ಗೊತ್ತಿದ್ದರೂ ರೇಡಿಯೊಗೆ ಹೆಸರು ತಂದದ್ದು ಒಂದೇ ಒಂದು ಕೊಯ್ತ. ಅದು ಕಿರುಮೆದುಳಿನದು.

ನಿಮ್ಮ ಕೈಯನ್ನು ತಲೆಯ ಹಿಂದಕ್ಕೆ ಒಯ್ದು, ಕತ್ತಿನ ಕುಳಿಯಿಂದ ಎರಡು ಬೆರಳು ಮೇಲಕ್ಕೆ ಮುಟ್ಟಿನೋಡಿ. ಆ ಮೂಳೆಯ ಒಳಗೆ, ದೊಡ್ಡ ಮೆದುಳಿನ ಕೆಳಗೆ, ದೊಡ್ಡಮ್ಮನ ಸೆರಗಿನ ಮರೆಯಲ್ಲಿ ಕೂತ ಮಗುವಿನ ಹಾಗೆ ಕೂತಿರುತ್ತದೆ ಅದು. ಸಣ್ಣ ಕಿತ್ತಳೆಯಷ್ಟು ಗಾತ್ರ. ಎಡಕ್ಕೊಂದು ಬಲಕ್ಕೊಂದು ಗುಡ್ಡೆ, ನಡುವೆ ಹುಳುವಿನಂಥ ಒಂದು ಏಣು. ಪುಸ್ತಕದವರೂ ಅದನ್ನು ಹುಳು ಎಂದೇ ಕರೆದಿದ್ದಾರೆ. ಮೇಲೆಲ್ಲ ತೆಳ್ಳನೆಯ ಮಡಿಕೆ ಮಡಿಕೆ. ತೂಕದಲ್ಲಿ ಇಡೀ ಮೆದುಳಿನ ಹತ್ತರಲ್ಲಿ ಒಂದು ಪಾಲು, ಆದರೆ ನರಕೋಶಗಳ ಲೆಕ್ಕ ಹಿಡಿದರೆ ಅರ್ಧಕ್ಕಿಂತ ಹೆಚ್ಚು ಈ ಪುಟ್ಟದರಲ್ಲೇ. ಆ ಹುಳುವಿನ ನಟ್ಟನಡುವೆ ಚಾಕು ಹಾಯಿಸಿ ಎರಡು ಹೋಳು ಮಾಡಿದರೆ ಒಳಗೊಂದು ಬಿಳಿಯ ಮರ ಕಾಣುತ್ತದೆ. ಕಾಂಡ, ಕೊಂಬೆ, ರೆಂಬೆ, ತುದಿಯಲ್ಲಿ ಎಲೆ, ಎಲ್ಲವೂ ಇರುತ್ತದೆ. ಹಿಂದಿನ ಕಾಲದ ವೈದ್ಯರು ಅದಕ್ಕೆ ಜೀವವೃಕ್ಷ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಆದರೆ ಚಾಕು ಒಂದು ಅಕ್ಕಿಕಾಳಿನಷ್ಟು ಅತ್ತಿತ್ತ ಸರಿದರೆ ಮರ ಬುಡ ಕಳೆದುಕೊಳ್ಳುತ್ತದೆ. ಗರಗಸದ ಹಾಗೆ ಹಿಂದೆ ಮುಂದೆ ಎಳೆದರೆ ಮೈಯೆಲ್ಲ ಗೀರು. ಉದ್ದನೆಯ ಚಾಕನ್ನು ನೀರಲ್ಲಿ ಅದ್ದಿ, ಹಿಡಿಯ ಬದಿಯಿಂದ ತುದಿಯವರೆಗೆ ಒಂದೇ ಎಳೆತ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರಬೇಕು. ರೇಡಿಯೊಗೆ ಅದು ಪ್ರತಿಸಲವೂ ಬರುತ್ತಿತ್ತು. ಬೇರೆ ಕಾಲೇಜಿನವರು ಬಂದು ಆ ಜಾಡಿಗಳ ಮುಂದೆ ನಿಂತು ನೋಡಿ ಹೋಗುತ್ತಿದ್ದರು.

ಈಗ ಅವನ ನಿವೃತ್ತಿಗೆ ಎರಡು ತಿಂಗಳು ಉಳಿದಿತ್ತು. ಆ ಜಾಗಕ್ಕೆ ಯಾರು ಎನ್ನುವುದೇ ಮನೆಯಲ್ಲೂ ಕೆಲಸದಲ್ಲೂ ದೊಡ್ಡ ಮಾತು. ಯಾಕೆಂದರೆ ಅಕ್ಕನ ಮಗಳು ಗುಬ್ಬಿ ಎರಡು ವರ್ಷದಿಂದ ಅದೇ ವಿಭಾಗದಲ್ಲಿ ತಾತ್ಕಾಲಿಕವಾಗಿ ದುಡಿಯುತ್ತಿದ್ದಳು. ಚಿಕ್ಕಂದಿನಿಂದ ಮೈ ಸಣ್ಣ, ಮಾತು ಇನ್ನೂ ಸಣ್ಣ, ಹಾಗಾಗಿ ಗುಬ್ಬಿ. ಜಾಡಿ ತೊಳೆದು, ಚೀಟಿ ಬರೆದು ಅಂಟಿಸಿ, ಟ್ರೇ ಜೋಡಿಸಿ ಅವಳಿಗೆ ಆ ಕೆಲಸವೇ ಪ್ರಾಣವಾಗಿಬಿಟ್ಟಿತ್ತು. ಆರು ತಿಂಗಳಿಗೊಮ್ಮೆ ಮುಂದುವರಿಕೆಯ ಕಾಗದ ಬರುತ್ತದೋ ಇಲ್ಲವೋ ಎಂದು ಅಂಗೈಯಲ್ಲಿ ಜೀವ ಹಿಡಿದು ಕಾಯುವುದು ಅವಳಿಗೆ ಸಾಕಾಗಿತ್ತು. ಮೇಡಂ, ಅಂದರೆ ವಿಭಾಗದ ಮುಖ್ಯಸ್ಥೆ, ನೇರವಾಗಿ ಹೇಳಿದ್ದರು: "ಕಾಯಂ ಜಾಗ ಒಂದೇ ಇರೋದು. ಹೊರಗಿನಿಂದ ಡಿಪ್ಲೊಮಾ ಆದ ಒಬ್ಬರು ಅರ್ಜಿ ಹಾಕಿದ್ದಾರೆ. ಮೂರು ಜನರ ಮುಂದೆ ಒಂದು ಕಿರುಮೆದುಳು ಕೊಯ್ದು ತೋರಿಸಮ್ಮ. ಮರ ಪೂರ್ತಿ ಬಂದರೆ ಜಾಗ ನಿನ್ನದು. ಬರದಿದ್ದರೆ ನಾನು ಏನೂ ಮಾಡೋಕಾಗಲ್ಲ."

"ಅದಕ್ಕೇನಂತೆ! ನಾನಿಲ್ವಾ?" ಎಂದ ರೇಡಿಯೊ. ಅಂದೇ ಕಲಿಸುವ ತಯಾರಿ ಶುರು ಮಾಡಿದ.

ಕಲಿಯಲು ಮನುಷ್ಯರ ಮೆದುಳನ್ನು ಮುಟ್ಟುವ ಹಾಗಿಲ್ಲ. ಅದು ದಾನ ಬಂದದ್ದು. ತಪ್ಪು ಮಾಡಿ ಕಲಿಯಲು ಅಲ್ಲ. ಹಾಗಾಗಿ ರೇಡಿಯೊ ಮಾಂಸದಂಗಡಿಗೆ ಹೋಗಿ ಎಂಟು ಕುರಿತಲೆ ಕೇಳಿದ. ಅಂಗಡಿಯವನು ಅಭ್ಯಾಸಬಲದಿಂದ ಮಚ್ಚು ಎತ್ತಿದ. "ಅಯ್ಯೋ, ಒಡೀಬೇಡಿ! ಇಡಿಯಾಗಿ ಕೊಡಿ" ಎಂದು ಅವನ ಕೈ ಹಿಡಿದು, ಯಾಕೆ ಏನು ಎಂದು ವಿವರಿಸಿ ಮುಗಿಸುವಷ್ಟರಲ್ಲಿ ಹಿಂದೆ ನಿಂತಿದ್ದ ಗಿರಾಕಿಗಳಲ್ಲಿ ಇಬ್ಬರು ಹೊರಟೇ ಹೋದರು. ಹಸಿ ಮೆದುಳು ಸರಿಯಾಗಿ ಹೆಪ್ಪಾಗದ ಮೊಸರಿನ ಹಾಗೆ, ಚಾಕಿಗೆ ನಿಲ್ಲುವುದಿಲ್ಲ. ಎಂಟನ್ನೂ ಜೋಪಾನವಾಗಿ ತೆಗೆದು, ಎರಡು ವಾರ ಫಾರ್ಮಲಿನ್‌ನಲ್ಲಿ ದಾರದಲ್ಲಿ ತೂಗುಬಿಟ್ಟು ಗಟ್ಟಿ ಮಾಡಿದ.

ಮೊದಲನೆಯದನ್ನು ಗುಬ್ಬಿ ಮುಂದಿಟ್ಟುಕೊಂಡಳು. ರೇಡಿಯೊ ಅವಳ ಬಲಭುಜದ ಹಿಂದೆ ನಿಂತ.

"ಹೆಬ್ಬೆರಳು ಅಲ್ಲಿ. ಅಲ್ಲಲ್ಲ, ಇಲ್ಲಿ. ಮೊಣಕೈ ಮೈಗೆ ಅಂಟಿಸು. ಉಸಿರು ಅರ್ಧ ಬಿಡು. ಪೂರ್ತಿ ಬಿಡಬೇಡ ಕಣೇ! ಈಗ ಎಳಿ. ನಿಧಾನ. ಅಷ್ಟು ನಿಧಾನ ಅಲ್ಲ. ಎಡಕ್ಕೆ ಹೋಗ್ತಿದೆ, ಎಡಕ್ಕೆ, ನಿಲ್ಲು, ನಿಲ್ಲು!"

ಗುಬ್ಬಿ ನಿಂತಳು. ಚಾಕೂ ನಿಂತಿತು, ಮೆದುಳಿನ ಮಧ್ಯದಲ್ಲಿ. ನಿಂತ ಚಾಕು ಮತ್ತೆ ಹೊರಟರೆ ಅಲ್ಲೊಂದು ಮೆಟ್ಟಿಲು ಬಿದ್ದೇ ಬೀಳುತ್ತದೆ. ಮೊದಲನೆಯದು ಹಾಗೆ ಹೋಯಿತು. ಎರಡನೆಯದಕ್ಕೆ ಅವನು ಇನ್ನಷ್ಟು ವಿವರವಾಗಿ ಹೇಳಿದ. ಅದು ಇನ್ನಷ್ಟು ಕೆಟ್ಟಿತು. ಮೂರನೆಯದಕ್ಕೆ ಅವಳ ಕೈ ಚಾಕು ಹಿಡಿಯುವ ಮೊದಲೇ ನಡುಗುತ್ತಿತ್ತು. ಕಬ್ಬಿಣದ ಕಡಲೆಯನ್ನು ಇನ್ನೂ ಎಷ್ಟು ಬೇಯಿಸಲಿ ಎಂದು ರೇಡಿಯೊಗೂ ಬೇಸರವಾಯಿತು.

ಮನೆಯಲ್ಲಿ ಅಕ್ಕ ಬಿಡಲಿಲ್ಲ. "ಏನೋ ಮಾಡ್ತಿದ್ದೀಯ ನನ್ನ ಮಗಳಿಗೆ? ಇವತ್ತು ಲೋಟ ಎತ್ತೋಕೆ ಹೋಗಿ ಬೀಳಿಸಿದಳು. ಸೂಜಿಗೆ ದಾರ ಪೋಣಿಸೋದ್ರಲ್ಲಿ ಅವಳನ್ನ ಮೀರಿಸಿದೋರಿಲ್ಲ, ನಿನ್ನೆ ನಾಲ್ಕು ಸಲ ತಪ್ಪಿತು."

"ನಾನು ಹೇಳಿಕೊಡ್ತಾನೇ ಇದೀನಲ್ಲ ಅಕ್ಕ."

"ಅದೇ ನನಗೆ ಭಯ. ನೀನು ನಡೆಯೋದಕ್ಕೆ ಮುಂಚೆ ಮಾತು ಕಲಿತೋನು. ಎರಡೂವರೆ ವರ್ಷ ಆದ್ರೂ ಕೂತಲ್ಲೇ ಕೂತು, ಅದು ತಂದುಕೊಡಿ ಇದು ತಂದುಕೊಡಿ ಅಂತ ಮನೆಯವರನ್ನೆಲ್ಲ ಓಡಾಡಿಸ್ತಿದ್ದೆ."

ರೇಡಿಯೊಗೆ ಅವಮಾನವಾಯಿತು. ಆದರೆ ಅಕ್ಕನ ಮುಂದೆ ಅವನ ಬ್ಯಾಟರಿ ಯಾವತ್ತೂ ಸ್ವಲ್ಪ ಇಳಿಯುತ್ತಿತ್ತು. ಉಂಡು, ತಟ್ಟೆ ಎತ್ತಿಕೊಂಡು ಎದ್ದ.

ಆ ವಾರವೇ ಮೇಡಂ ಇನ್ನೊಂದು ಸುದ್ದಿ ತಂದರು. "ನೀವು ಹೋದ ಮೇಲೆ ಈ ಕೊಯ್ತ ಮರೆತುಹೋಗಬಾರದು. ವಿಡಿಯೊ ಮಾಡಿಡೋಣ. ಕೊಯ್ತಾ ಕೊಯ್ತಾ ಒಂದೊಂದೇ ಹೆಜ್ಜೆ ನೀವೇ ಬಾಯಲ್ಲಿ ಹೇಳಿ." ರೇಡಿಯೊಗೆ ಆಕಾಶ ಮೂರೇ ಗೇಣು. ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಂದ. ವಿಡಿಯೊಗೆಂದು ಮೇಡಂ ಒಂದು ಒಳ್ಳೆಯ ಕಿರುಮೆದುಳನ್ನೇ ಜಾಡಿಯಿಂದ ತೆಗೆಸಿದ್ದರು. ಹುಡುಗರು ಸುತ್ತ ನಿಂತರು. ಕ್ಯಾಮೆರಾ ಹಚ್ಚಿದರು.

"ಈಗ ನೋಡಿ, ನನ್ನ ಹೆಬ್ಬೆರಳು ಇಲ್ಲಿದೆ" ಎಂದ ರೇಡಿಯೊ. ಹೇಳಿದ ಮೇಲೆ ತಾನೂ ಅದನ್ನು ನೋಡಿದ. ಮೂವತ್ತೊಂದು ವರ್ಷದಲ್ಲಿ ಅವನು ಆ ಹೆಬ್ಬೆರಳನ್ನು ನೋಡಿದ್ದು ಅದೇ ಮೊದಲು. ನಿಜಕ್ಕೂ ಅದು ಇರುವುದು ಅಲ್ಲೇ ಏನು? ಅಥವಾ ಇನ್ನೂ ಸ್ವಲ್ಪ ಮುಂದೆಯೋ? "ಈಗ ಮೊಣಕೈಯನ್ನು ಮೈಗೆ ಅಂಟಿಸಬೇಕು" ಎಂದ. ಅಂಟಿಸಿದ ಮೊಣಕೈ ಯಾಕೋ ಬೇರೆಯವರ ಮೊಣಕೈ ಅನಿಸಿತು. "ಈಗ ಒಂದೇ ಎಳೆತ..." ಎನ್ನುತ್ತಾ ಎಳೆದ. ಚಾಕು ನಡುವೆ ಒಮ್ಮೆ ಅನುಮಾನಿಸಿ, ಎಡಕ್ಕೆ ವಾಲಿಬಿಟ್ಟಿತು.

ಹೋಳು ಬಿಡಿಸಿದರೆ ಬುಡವಿಲ್ಲದ ನಾಲ್ಕು ಕೊಂಬೆಗಳು. "ಪರವಾಗಿಲ್ಲ, ಗುಡ್ಡೆಗಳನ್ನು ತೋರಿಸೋಕೆ ಇದನ್ನೇ ಇಟ್ಟುಕೊಳ್ಳೋಣ. ವಿಡಿಯೊ ಇನ್ನೊಂದು ದಿನ" ಎಂದರು ಮೇಡಂ. ಅವರ ಮೆತ್ತನೆಯ ದನಿಯೇ ಅವನಿಗೆ ಹೆಚ್ಚು ಚುಚ್ಚಿತು.

ಮಧ್ಯಾಹ್ನ ಗುಬ್ಬಿ ಹುಡುಕಿಕೊಂಡು ಬಂದಾಗ ಮಾವ ಜಾಡಿಗಳ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಕಣ್ಣು ಮುಚ್ಚಿ, ಕೈ ಉದ್ದಕ್ಕೆ ಚಾಚಿ, ತೋರುಬೆರಳನ್ನು ತಂದು ಮೂಗಿನ ತುದಿಗೆ ಮುಟ್ಟಿಸುತ್ತಿದ್ದ. ಆಮೇಲೆ ಎಡಗೈ. ಆಮೇಲೆ ಚಪ್ಪಲಿ ಬಿಟ್ಟು, ಬಲಗಾಲಿನ ಹಿಮ್ಮಡಿಯನ್ನು ಎಡಮೊಣಕಾಲಿನಿಂದ ಪಾದದವರೆಗೆ ನೇರ ಜಾರಿಸಿದ.

"ಮಾವ, ಏನ್ ಮಾಡ್ತಿದ್ದೀರಿ?"

"ಪರೀಕ್ಷೆ ಮಾಡ್ಕೋತಿದ್ದೀನಿ ಕಣೇ. ನನ್ನ ಕಿರುಮೆದುಳು ಕೆಟ್ಟಿದೆ." ಅವನು ಇನ್ನೊಮ್ಮೆ ಮೂಗು ಮುಟ್ಟಿನೋಡಿದ. "ಬಲಗಡೆ ಗುಡ್ಡೆ ಕೆಟ್ಟರೆ ಬಲಗೈ ಗುರಿ ತಪ್ಪುತ್ತೆ. ಎಡಗಡೆಯದು ಎಡಗೈಗೆ. ನಡುವಿನ ಹುಳು ಕೆಟ್ಟರೆ ನಡಿಗೆ ಕುಡುಕರ ಥರ ತೂರಾಡುತ್ತೆ. ಮೇಡಂ ಪಾಠದಲ್ಲಿ ಹೇಳಲ್ವಾ? ಅದೇ ನನಗೆ ಬಂದಿದೆ. ಅಲ್ಲಿಂದ ಇಲ್ಲಿಗೆ ಗೆರೆ ಮೇಲೆ ನಡೀತೀನಿ, ತೂರಾಡ್ತೀನಾ ನೋಡು."

ಅವನು ನೆಲದ ಕಲ್ಲಿನ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ, ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದ. ಕೂದಲೆಳೆಯಷ್ಟೂ ವಾಲಲಿಲ್ಲ. ಗುಬ್ಬಿಗೆ ಅಳು ಬರುವ ಹಾಗೂ ಆಯಿತು, ನಗು ಬರುವ ಹಾಗೂ ಆಯಿತು.

"ನಿಮಗೆ ಏನೂ ಆಗಿಲ್ಲ ಮಾವ. ಇವತ್ತು ನೀವು ಕೊಯ್ಯೋವಾಗ ಮಾತಾಡಿದ್ರಿ, ಅಷ್ಟೇ."

"ನಾನು ಯಾವಾಗ ಮಾತಾಡಲ್ಲ?"

"ಕೊಯ್ಯೋವಾಗ. ಎರಡು ವರ್ಷದಿಂದ ನೋಡ್ತಿದ್ದೀನಿ. ಚಾಕು ನೀರಿಗೆ ಅದ್ದಿದ ಕೂಡಲೇ ನಿಮ್ಮ ಬಾಯಿ ಮುಚ್ಚುತ್ತೆ. ಮತ್ತೆ ತೆರೆಯೋದು ಟ್ರೇ ತೊಳೆಯೋವಾಗ." ಅವಳು ಹೇಳಿಯೇಬಿಟ್ಟಳು: "ಡಿಸೆಕ್ಷನ್ ಹಾಲಿನಲ್ಲಿ ನಾವೆಲ್ಲ ಆ ಅರ್ಧ ನಿಮಿಷಕ್ಕೇ ಕಾಯ್ತಿರ್ತೀವಿ."

ರೇಡಿಯೊ ಸ್ಟೂಲಿನ ಮೇಲೆ ಮತ್ತೆ ಕೂತ. ತನ್ನ ಬಾಯಿ ಮುಚ್ಚಿರುತ್ತದೆ ಎನ್ನುವ ಸಂಗತಿ ಇಡೀ ವಿಭಾಗಕ್ಕೆ ಗೊತ್ತು, ತನಗೊಬ್ಬನಿಗೆ ಗೊತ್ತಿಲ್ಲ! ಹಾಗಾದರೆ ಹೆಬ್ಬೆರಳು ಅಲ್ಲಿ, ಮೊಣಕೈ ಇಲ್ಲಿ, ಉಸಿರು ಅರ್ಧ ಎಂದು ಈ ಹುಡುಗಿಗೆ ಹೇಳಿಕೊಟ್ಟದ್ದೆಲ್ಲ ಯಾರ ವಿದ್ಯೆ? ತಾನು ಒಂದು ದಿನವೂ ಹಾಗೆ ಮಾಡಿದವನಲ್ಲ.

ಮೇಡಂ ಪ್ರತಿವರ್ಷ ಮಾಡುವ ಕಿರುಮೆದುಳಿನ ಪಾಠ ಅವನಿಗೆ ಬಾಯಿಪಾಠ. ಮೇಡಂ ಬರುವ ಮೊದಲು ಅವರ ಗುರುಗಳು ಮಾಡುತ್ತಿದ್ದಾಗಲೂ ಬಾಗಿಲ ಬಳಿ ನಿಂತು ಕೇಳಿದವನು. ಕಾಲುಮುರಿದ ಬೆಂಚಿಗೂ ಅದನ್ನು ಒಪ್ಪಿಸಬಲ್ಲ. 'ಲೋಟ ಎತ್ತು ಎಂದು ಆಜ್ಞೆ ಕೊಡುವುದು ದೊಡ್ಡ ಮೆದುಳು. ಕಿರುಮೆದುಳು ಆಜ್ಞೆ ಕೊಡುವುದಿಲ್ಲ. ಕೈ ಎಲ್ಲಿಗೆ ಹೋಗಬೇಕಿತ್ತು ಎನ್ನುವ ಸುದ್ದಿಯೂ ಅದಕ್ಕೆ ಬರುತ್ತದೆ, ಎಲ್ಲಿಗೆ ಹೋಯಿತು ಎನ್ನುವ ಸುದ್ದಿಯೂ ಬರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತದೆ. ಮುಂದಿನ ಸಲ ಆ ಅಂತರವನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಮಾಡಿದ ತಪ್ಪೇ ಅದಕ್ಕೆ ಮೇಷ್ಟ್ರು.' ಇದನ್ನು ಅವನು ಎಷ್ಟು ಹುಡುಗರಿಗೆ ಹೇಳಿದ್ದಾನೋ! ಆದರೆ ಮಾತು ಬಾಯಿಂದ ಬಾಯಿಗೆ ಹೋಗಿತ್ತೇ ಹೊರತು ಒಳಗೆ ಇಳಿದಿರಲಿಲ್ಲ.

"ಗುಬ್ಬಿ" ಎಂದ ಮೆಲ್ಲಗೆ. "ನಾನು ನಿನಗೆ ಒಂದು ತಪ್ಪನ್ನೂ ಪೂರ್ತಿ ಮಾಡೋಕೆ ಬಿಡಲಿಲ್ಲ, ಅಲ್ವಾ?"

ಗುಬ್ಬಿ ಹೂಂ ಎಂದು ತಲೆಯಾಡಿಸಿದಳು.

"ನಿಲ್ಲು ನಿಲ್ಲು ಅಂತ ಅರ್ಧದಲ್ಲೇ ಕೂಗಿದೆ. ಚಾಕು ಎಲ್ಲಿಗೆ ಹೋಗ್ತಿತ್ತು ಅಂತ ನಿನ್ನ ಕೈಗೆ ಗೊತ್ತೇ ಆಗಲಿಲ್ಲ. ಸುದ್ದಿ ಹೋಗೋ ದಾರೀಲಿ ನಾನೇ ಅಡ್ಡ ಮಲಗಿಬಿಟ್ಟೆ." ಅವನಿಗೆ ನಾಚಿಕೆಯಾಗಿತ್ತು, ಅದನ್ನು ಮುಚ್ಚಿಡಲಿಲ್ಲ. "ಇನ್ನೂ ಐದು ಉಳಿದಿದೆ. ನಾಳೆಯಿಂದ ನಾನು ತುಟಿ ಪಿಟಕ್ ಅನ್ನಲ್ಲ."

ಹೇಳುವುದು ಸುಲಭ. ಮರುದಿನ ಗುಬ್ಬಿ ನಾಲ್ಕನೆಯ ಕುರಿಮೆದುಳಿಗೆ ಚಾಕು ಇಟ್ಟಾಗ ರೇಡಿಯೊ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಚಾಕು ಎಡಕ್ಕೆ ಹೊರಟಿತು. ಅವನ ಹೊಟ್ಟೆಯೊಳಗಿಂದ ಒಂದು "ಎಡಕ್ಕೆ!" ಎದ್ದು ಗಂಟಲಿಗೆ ಬಂತು. ಹಲ್ಲು ಕಚ್ಚಿ ನುಂಗಿದ. ಅವನ ಕಣ್ಣೆದುರೇ ಅವಳು ಪೂರ್ತಿ ತಪ್ಪಾಗಿ, ಅಚ್ಚುಕಟ್ಟಾಗಿ ತಪ್ಪಾಗಿ ಕೊಯ್ದು ಮುಗಿಸಿದಳು. ಆಮೇಲೆ ಎರಡು ಹೋಳನ್ನೂ ಪಕ್ಕಪಕ್ಕದಲ್ಲಿಟ್ಟು ತುಂಬ ಹೊತ್ತು ನೋಡಿದಳು. ತನ್ನ ಮಣಿಕಟ್ಟನ್ನೊಮ್ಮೆ ನೋಡಿಕೊಂಡಳು. ಟ್ರೇ ತೊಳೆದಳು.

ಅವನು ಕೊಟ್ಟ ಮಾತು ಉಳಿಸಿಕೊಂಡ. ಆದರೆ ಅಣೆಕಟ್ಟಿನ ನೀರು ಎಲ್ಲಾದರೂ ಹೊರಬರಲೇಬೇಕಲ್ಲ. ಸಂಜೆ ಮನೆಗೆ ಹೋದವನೇ ಅಕ್ಕನನ್ನು ಹಿಡಿದು ಕೂರಿಸಿಕೊಂಡು, ಹಗಲೆಲ್ಲ ಕೂಡಿಟ್ಟ ಮಾತನ್ನು ಬಡಿಸತೊಡಗಿದ. ಅಕ್ಕ ಪಾತ್ರೆ ತೊಳೆಯಲು ಎದ್ದರೆ ಅಲ್ಲಿಗೂ ಬಂದ. "ನನ್ನ ಮಗಳಿಗೋಸ್ಕರ ಸಹಿಸ್ಕೋತಿದ್ದೀನಿ ಕಣೋ" ಎಂದಳು ಅಕ್ಕ. ಮೂರನೆಯ ಸಂಜೆ ಅವಳು ಕಿವಿಗೆ ಹತ್ತಿ ಇಟ್ಟುಕೊಂಡು ತಲೆಯಾಡಿಸುತ್ತಿದ್ದಳು. ಅವನಿಗೆ ಗೊತ್ತಾಯಿತು, ಆದರೂ ನಿಲ್ಲಿಸಲಿಲ್ಲ.

ಐದನೆಯದು ಬಲಕ್ಕೆ ತಪ್ಪಿತು. ಆರನೆಯದು ಮತ್ತೆ ಎಡಕ್ಕೆ, ಆದರೆ ಸ್ವಲ್ಪವೇ. ಏಳನೆಯದರಲ್ಲಿ ಬುಡ ಸಿಕ್ಕಿತು, ತುದಿಯ ಕೊಂಬೆ ಹೋಯಿತು. ಗುಬ್ಬಿಯ ಕೈ ನಡುಗುವುದು ಯಾವತ್ತು ನಿಂತಿತೋ ಇಬ್ಬರೂ ಗಮನಿಸಲಿಲ್ಲ. ನಡುವೆ ಒಂದು ದಿನ ಮೇಡಂ ವಿಡಿಯೊವನ್ನೂ ಮತ್ತೆ ತೆಗೆಸಿದರು, ಈ ಸಲ ಮಾತಿಲ್ಲದೆ. ಮರ ಎಂದಿನಂತೆ ಬಂತು, ಮಾತನ್ನು ಆಮೇಲೆ ತಾನೇ ಸೇರಿಸುತ್ತೇನೆ ಎಂದರು. ಎಂಟನೆಯದನ್ನು ಗುಬ್ಬಿ ಕೊಯ್ದು ಬಿಡಿಸಿದಾಗ ಕುರಿಯ ತಲೆಯೊಳಗಿನ ಪುಟ್ಟ ಮರ ಬುಡದಿಂದ ಎಲೆಯವರೆಗೆ ಇಡಿಯಾಗಿ ನಿಂತಿತ್ತು. ರೇಡಿಯೊ ಅವಳ ತಲೆ ಮೇಲೊಂದು ಮೆಲ್ಲಗೆ ಮೊಟಕಿದ. ಖುಷಿ ತಡೆಯಲಾಗದೆ ಹೊರಗೆ ಹೋಗಿ ಗೇಟಿನ ಕಾವಲುಗಾರನ ತಲೆ ತಿಂದ.

ಪರೀಕ್ಷೆಯ ದಿನ ಮೇಜಿನ ಆಚೆ ಮೂರು ಕುರ್ಚಿ. ಮೇಡಂ, ಕಚೇರಿಯ ಅಧಿಕಾರಿ, ಮತ್ತೆ ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು. ಈ ಕೊನೆಯವರು ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುವಂಥ ಮನುಷ್ಯ. ಸಾಮಾನು ಕೊಡಲು ವಿಭಾಗದ ಅಟೆಂಡರ್ ಇರಬೇಕು ಎನ್ನುವುದು ಪದ್ಧತಿ. ಹಾಗಾಗಿ ರೇಡಿಯೊ ಕೈಯಲ್ಲಿ ನೀರಿನ ಬೋಗುಣಿ ಹಿಡಿದು ಪಕ್ಕದಲ್ಲಿ ನಿಂತಿದ್ದ. ಮೇಡಂ ಮೊದಲೇ ಎಚ್ಚರಿಸಿದ್ದರು: "ಬಾಯಿ ಬಿಟ್ಟರೆ ಪರೀಕ್ಷೆ ರದ್ದು. ಕೆಮ್ಮಿದರೂ ಅಷ್ಟೇ."

ಗುಬ್ಬಿ ಟ್ರೇಗೆ ಕೈಮುಗಿದು ಮುಚ್ಚಿದ ಬಟ್ಟೆ ತೆಗೆದಳು. ರೇಡಿಯೊಗೆ ಒಂದೇ ನೋಟಕ್ಕೆ ತೊಂದರೆ ಕಂಡಿತು. ಜಾಡಿಯೊಳಗಿನ ದಾರ ಸಡಿಲವಾಗಿ ದಾನ ಬಂದ ಈ ಕಿರುಮೆದುಳು ಗಾಜಿಗೆ ಒರಗಿಕೊಂಡೇ ಗಟ್ಟಿಯಾಗಿತ್ತು. ಎಡಗುಡ್ಡೆ ಚಪ್ಪಟೆ, ಬಲಗುಡ್ಡೆ ಉಬ್ಬು. ಮೇಲಿನಿಂದ ನೋಡಿದರೆ ನಡು ಎಂದು ಕಾಣುವ ಜಾಗ ನಡುವಲ್ಲ. ನಿಜವಾದ ಹುಳು ಒಂದು ಅಕ್ಕಿಕಾಳು ಆಚೆಗಿತ್ತು.

ಗುಬ್ಬಿ ಚಾಕು ಅದ್ದಿದಳು. ಇಟ್ಟಳು. ಕಾಣುವ ನಡುವಿನ ಮೇಲೆ ಇಟ್ಟಳು.

ರೇಡಿಯೊನ ಬೋಗುಣಿಯಲ್ಲಿ ನೀರು ತುಳುಕಿತು. ಒಂದು ಮಾತು, ಒಂದೇ ಒಂದು ಮಾತು ಸಾಕಿತ್ತು. ಮೂವತ್ತೊಂದು ವರ್ಷ ಯಾರಿಗೂ ಬೇಡದ ಮಾತನ್ನು ಸುರಿದವನಿಗೆ, ಬೇಕೇಬೇಕಾದ ಒಂದು ಮಾತು ನಾಲಿಗೆಯ ತುದಿಯಲ್ಲಿ ಕೂತು ಸುಡುತ್ತಿತ್ತು. ಈ ಹುಡುಗಿ ಎಡವಿದರೆ ಮನೆಯಲ್ಲಿ ಅಕ್ಕನ ಮುಖ ಹೇಗೆ ನೋಡಲಿ? ಆದರೆ ಎಂಟನೆಯ ಮರ ಬಂದದ್ದು ತಾನು ಸುಮ್ಮನಿದ್ದಾಗ. ಅವಳ ಕೈಯನ್ನು ನಂಬಿದ್ದೇನೆ ಎಂದರೆ ಈಗಲೂ ನಂಬಬೇಕು. ಅವನು ಕಣ್ಣು ಮುಚ್ಚಿಕೊಂಡ.

ಕಣ್ಣು ಬಿಟ್ಟಾಗ ಗುಬ್ಬಿ ಚಾಕು ಎತ್ತಿ ಪಕ್ಕಕ್ಕಿಟ್ಟಿದ್ದಳು. ಅವಳ ಮುಖದಲ್ಲಿ ಗಾಬರಿಯಿರಲಿಲ್ಲ. ಸೊಪ್ಪಿನ ಕಟ್ಟು ಭಾರ ಕಡಿಮೆ ಅನಿಸಿದ ಹೆಂಗಸಿನ ಹಾಗೆ ಒಂದು ಸಣ್ಣ ಅನುಮಾನವಿತ್ತು, ಅಷ್ಟೇ. ಕಿರುಮೆದುಳನ್ನು ಅಂಗೈಯಲ್ಲಿ ಬೋರಲು ಮಾಡಿ, ಕೆಳಗಿನಿಂದ ಹುಳುವಿನ ಜಾಡು ಹಿಡಿದು ನೋಡಿದಳು. ಮತ್ತೆ ನೆಟ್ಟಗೆ ಇಟ್ಟು, ಚಾಕು ಅದ್ದಿ, ಒಂದು ಅಕ್ಕಿಕಾಳು ಆಚೆ ಇಟ್ಟಳು. ಎಳೆದಳು. ಹಿಡಿಯಿಂದ ತುದಿಯವರೆಗೆ, ಒಂದೇ ಎಳೆತ.

ಹೋಳುಗಳು ತೆರೆದವು. ಮರ ನಿಂತಿತ್ತು, ಬುಡ, ಕೊಂಬೆ, ಎಲೆ ಸಮೇತ, ಎರಡೂ ಕಡೆ.

ಪರೀಕ್ಷಕರು ಹಣೆಯ ಮೇಲಿನ ಕನ್ನಡಕ ಇಳಿಸಿ ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. ಮೇಡಂ ಕಡೆ ತಿರುಗಿ, "ಆ ಡಿಪ್ಲೊಮಾದವರಿಗೂ ಇದು ಬರಲಿಕ್ಕಿಲ್ಲ" ಎಂದರು. ಮೇಡಂ ನಗುತ್ತಾ ಕಾಗದದ ಮೇಲೆ ರುಜು ಹಾಕಿದರು. "ಸೋಮವಾರ ಆದೇಶ ಕೈಗೆ ಬರುತ್ತಮ್ಮ. ಇನ್ನು ಆರು ತಿಂಗಳ ಕಾಗದದ ಗೊಡವೆ ಇಲ್ಲ" ಎಂದರು. ಗುಬ್ಬಿಗೆ ಆಗ ಕಣ್ಣಲ್ಲಿ ನೀರು ಬಂತು.

ಎದ್ದು ಹೊರಡುವಾಗ ಪರೀಕ್ಷಕರು ಬಾಗಿಲ ಬಳಿ ನಿಂತರು. "ಅಂದಹಾಗೆ, ಚಾಕು ಇಟ್ಟವಳು ಮತ್ತೆ ಎತ್ತಿದೆಯಲ್ಲ, ಅದು ದೊಡ್ಡ ವಿದ್ಯೆ. ಯಾರಮ್ಮ ಕಲಿಸಿದ್ದು?"

"ನಮ್ಮ ಮಾವ ಸರ್. ಇವರೇ."

"ಹೌದಾ! ಏನು ಹೇಳಿಕೊಟ್ಟರು?"

"ಏನೂ ಹೇಳಲಿಲ್ಲ ಸರ್" ಎಂದಳು ಗುಬ್ಬಿ. "ನಾನು ತಪ್ಪು ಮಾಡಿ ಮುಗಿಸೋವರೆಗೂ ಪಕ್ಕದಲ್ಲೇ ನಿಂತಿರ್ತಿದ್ರು."

ಈ ಮನುಷ್ಯ ಏನೂ ಹೇಳಲಿಲ್ಲ ಎನ್ನುವ ಮಾತನ್ನು ಆ ಕಟ್ಟಡ ಅದುವರೆಗೆ ಕೇಳಿರಲಿಲ್ಲ. ಮೇಡಂ ತಿರುಗಿ ನೋಡಿದರು. ರೇಡಿಯೊ ಬೋಗುಣಿ ಕೆಳಗಿಟ್ಟು, ತೊಳೆದ ಚಾಕನ್ನೇ ಇನ್ನೊಮ್ಮೆ ತೊಳೆಯುತ್ತಿದ್ದ. ಇಷ್ಟು ವರ್ಷದಲ್ಲಿ ಅವನಿಗೆ ಬಂದ ಹೊಗಳಿಕೆ ಕಡಿಮೆಯೇನಲ್ಲ, ಆದರೆ ಎದೆ ತುಂಬಿದ್ದು ಇವತ್ತು. ಗುಬ್ಬಿ ಬಂದು ಅವನ ಪಕ್ಕದಲ್ಲಿ ನಿಂತು ಚಾಕು ಒರೆಸಲು ಬಟ್ಟೆ ಹಿಡಿದಳು. ಅವನು ಚಾಕನ್ನು, ಹಿಡಿಯನ್ನು ಅವಳ ಕಡೆ ಮಾಡಿ, ಅವಳ ಕೈಗೆ ಕೊಟ್ಟ.